ಹಲಗಿ ಕಾಯೋ ತನಕ

ಭಾನುವಾರ ಸಂಜೆ ಐದೂವರೆಗೆ ನಾನು 20 ಲೀಟರಿನ ಖಾಲಿ ನೀರಿನ ಕ್ಯಾನು ಹಿಡಿದು ಮನೆಯಿಂದ ಹೊರಟರೆ ಎದುರುಮನೆಯವರು ಈಗ ಏನೂ ಕೇಳುವುದಿಲ್ಲ. ಮೊದಲೆರಡು ವಾರ ಕೇಳಿದ್ದರು. "ಯಾಕ್ರೀ, ನೀರ ಬಂದಿಲ್ಲೇನು?" ನೀರು ಬಂದಿದೆ, ನಾನು ಬಾರಿಸಲಿಕ್ಕೆ ಹೊರಟಿದ್ದೇನೆ ಅಂತ ಹೇಳಲು ಬಾಯೇ ಬರಲಿಲ್ಲ. ಐವತ್ತರ ಹತ್ತಿರ ಬಂದ ಹೆಂಗಸು, ಪತ್ತಿನ ಸಹಕಾರಿ ಸಂಘದಲ್ಲಿ ಕ್ಯಾಷಿಯರ್, ಪಾರ್ಕಿನಲ್ಲಿ ಕೂತು ಪ್ಲಾಸ್ಟಿಕ್ ಕ್ಯಾನು ಬಡಿಯುತ್ತಾಳೆ. ಕೇಳಿದವರಿಗೆ ಹೇಗನ್ನಿಸುತ್ತದೆ ಅಂತ ನನಗೂ ಗೊತ್ತು.

ಬಾಗಲಕೋಟೆಯ ನವನಗರದಲ್ಲಿ ನಮ್ಮ ಸೆಕ್ಟರಿನ ಪಾರ್ಕು ಅಷ್ಟೇನೂ ದೊಡ್ಡದಲ್ಲ. ನಾಲ್ಕು ಬೇವಿನ ಮರ, ಒಂದು ಮುರಿದ ಜಾರುಬಂಡಿ, ಸುತ್ತ ವಾಕಿಂಗ್ ಹಾದಿ. ಆ ಬೇವಿನ ಮರಗಳ ನಡುವೆ ಪ್ರತಿ ಭಾನುವಾರ ಹತ್ತರಿಂದ ಇಪ್ಪತ್ತು ಜನ ದುಂಡಗೆ ಕೂಡುತ್ತೇವೆ. ಬರುವ ವಾದ್ಯಗಳನ್ನು ನೋಡಿದರೆ ನಗು ಬರುತ್ತದೆ. ಎರಡು ಜೆಂಬೆ, ಭಜನಾ ಮೇಳದವರೊಬ್ಬರು ತರುವ ದಮ್ಮಡಿ, ತಬಲಾ ಜೋಡಿಯಲ್ಲಿ ಒಂಟಿಯಾಗಿ ಉಳಿದ ಒಂದು ಡಗ್ಗಾ, ಪೇಂಟಿನ ಎರಡು ಖಾಲಿ ಬಕೆಟ್ಟು, ಹುಡುಗರು ಸಣ್ಣ ಕಲ್ಲು ತುಂಬಿ ಅಲ್ಲಾಡಿಸುವ ಬಾಟಲಿಗಳು, ಒಂದು ಹಲಗಿ, ಅಂದರೆ ಚರ್ಮ ಬಿಗಿದ ದುಂಡನೆಯ ತಮಟೆ. ಮತ್ತೆ ನನ್ನ ಕ್ಯಾನು.

ಶುರು ಮಾಡಿದವನು ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸ ಮಾಡುವ ನಮ್ಮ ಸೆಕ್ಟರಿನದೇ ಹುಡುಗ. ಮನೆಯಿಂದಲೇ ಕೆಲಸ ಅಂತಾದಾಗ ಊರಿಗೆ ಬಂದ, ಬರುವಾಗ ಒಂದು ಜೆಂಬೆ ತಂದ. ಮನೆಯಲ್ಲಿ ಬಾರಿಸಿದರೆ ಅವರವ್ವ ಬೈಯುತ್ತಿದ್ದರು. ಪಾರ್ಕಿಗೆ ಬಂದ. ನಾನು ಡಾಕ್ಟರು ಹೇಳಿದರು ಅಂತ ಮೊಣಕಾಲು ಹಿಡಿದುಕೊಂಡು ಸುತ್ತು ಹಾಕುತ್ತಿದ್ದೆ. ಮೂರನೇ ಸುತ್ತಿಗೆ ಕಾಲು ಬೇಡ ಅಂದಾಗ ಕಲ್ಲಿನ ಬೆಂಚಿನ ಮೇಲೆ ಕೂತೆ. ಅವನು ಬಕೆಟ್ಟೊಂದನ್ನು ನನ್ನ ಕಡೆ ನೂಕಿ, "ಬರ್ರಿ ಅಕ್ಕಾ, ನೀವೂ ಹಚ್ಚರಿ" ಅಂದ. ನನಗೆ ತಾಳ ಗೀಳ ಏನೂ ಗೊತ್ತಿಲ್ಲ ತಮ್ಮಾ ಅಂದೆ. "ನನಗೂ ಗೊತ್ತಿಲ್ರೀ. ಯೂಟ್ಯೂಬ್ ನೋಡಿ ಕಲ್ತೀನಿ" ಅಂದ.

ಗೊತ್ತಿಲ್ಲ ಅಂದದ್ದು ಪೂರ್ತಿ ನಿಜ ಅಲ್ಲ. ಹಳೇ ಬಾಗಲಕೋಟೆಯಲ್ಲಿ ಹುಟ್ಟಿ ಬೆಳೆದವರಿಗೆ ಹಲಗಿ ಗೊತ್ತಿಲ್ಲ ಅಂದರೆ ಯಾರು ನಂಬುತ್ತಾರೆ? ನಮ್ಮೂರ ಹೋಳಿ ಒಂದು ದಿನದ್ದಲ್ಲ. ಕಿಲ್ಲಾ, ಹಳಪೇಟೆ, ಜೈನಪೇಟೆ, ವೆಂಕಟಪೇಟೆ, ಹೊಸಪೇಟೆ ಅಂತ ಓಣಿ ಓಣಿಗೂ ಪೈಪೋಟಿ. ಕಾಮಣ್ಣನ್ನ ಸುಡುವ ಎಷ್ಟೋ ದಿನ ಮೊದಲೇ ರಾತ್ರಿ ಊಟ ಆದ ಮೇಲೆ ಹಲಗಿ ಶುರು. ಆಮೇಲೆ ಬಣ್ಣದ ಬಂಡಿ. ಗಾಡಿ ಮೇಲೆ ಬ್ಯಾರಲ್ ಇಟ್ಟುಕೊಂಡು ಬಣ್ಣದ ನೀರು ಎರಚಿಕೊಂಡು ಬರುತ್ತಾರೆ, ಮುಂದೆ ಹಲಗಿ. ಆ ದಿನಗಳಲ್ಲಿ ಅಂಗಡಿ ಸಾವುಕಾರನ ಮಗನೂ ಕೊರಳಿಗೆ ಹಲಗಿ ಹಾಕಿಕೊಳ್ಳುತ್ತಾನೆ, ವಕೀಲರೂ ಹಾಕಿಕೊಳ್ಳುತ್ತಾರೆ. ನಾವು ಹುಡುಗಿಯರು ಮಾತ್ರ ಮಾಳಿಗೆ ಮೇಲೆ. ಕುಂಬಿಗೆ ಗಲ್ಲ ಆನಿಸಿಕೊಂಡು ನೋಡುವುದು. ಅಣ್ಣನ ಹಲಗಿಯನ್ನು ಒಮ್ಮೆ ಅಟ್ಟದ ಮೇಲಿಂದ ಕದ್ದು ಇಳಿಸಿ ಎರಡು ಪೆಟ್ಟು ಹಾಕಿದ್ದೆ. ಮೂರನೆಯ ಪೆಟ್ಟು ಅವ್ವನ ಕೈಯಿಂದ ನನ್ನ ಬೆನ್ನಿಗೆ ಬಿತ್ತು.

ಹಾಗಾಗಿ ಬಕೆಟ್ಟು ಮುಂದೆ ಬಂದಾಗ ಕೈ ತಾನೇ ಹೋಯಿತು.

ಮೊದಲ ದಿನದ ಕಷ್ಟ ಹೇಳುತ್ತೇನೆ, ಕೇಳಿ. ಬಾರಿಸುವುದು ಕಷ್ಟ ಅಲ್ಲ. ನಮ್ಮದೇ ಸದ್ದು ನಮಗೆ ಅಷ್ಟು ಜೋರಾಗಿ ಕೇಳುತ್ತದಲ್ಲ, ಅದು ಕಷ್ಟ. ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ ಅನ್ನಿಸುತ್ತದೆ. ತಪ್ಪಿದರೆ ಕೈ ನಿಲ್ಲುತ್ತದೆ, ನಿಂತರೆ ಮತ್ತೆ ಎಲ್ಲಿ ಸೇರಬೇಕು ಗೊತ್ತಾಗುವುದಿಲ್ಲ. ಓಡುವ ಬಸ್ಸು ಹತ್ತಿದ ಹಾಗೆ. ಒಂದು ಹತ್ತು ನಿಮಿಷ ಹೀಗೇ ಹತ್ತುವುದು, ಇಳಿಯುವುದು ನಡೆಯಿತು. ಆಮೇಲೆ ಯಾವಾಗಲೋ ನನ್ನ ಬಕೆಟ್ಟಿನ ಸದ್ದು ನನಗೆ ಬೇರೆಯಾಗಿ ಕೇಳುವುದು ನಿಂತಿತು. ಹೆದರಿ ನಿಲ್ಲಿಸಿದೆ. ನಿಲ್ಲಿಸಿದ ಕೂಡಲೇ ಅಲ್ಲೊಂದು ತೂತು ಬಿದ್ದ ಹಾಗೆ ಆಯಿತು. ಅಂದರೆ ಅಲ್ಲಿಯ ತನಕ ನಾನು ಅದರೊಳಗೇ ಇದ್ದೆ! ಆ ಖುಷಿ ಹೇಗಿತ್ತು ಅಂತ ಬರೆಯಲು ಮೂರು ಸಲ ಪ್ರಯತ್ನ ಮಾಡಿ ಅಳಿಸಿದ್ದೇನೆ. ಬಿಡಿ.

ಒಂದು ಹಳೇ ಕತೆ ಇದಕ್ಕೆ ಹತ್ತಿರ ಬರುತ್ತದೆ. 1665ರಲ್ಲಿ ಹೈಗೆನ್ಸ್ ಎಂಬ ಡಚ್ ವಿಜ್ಞಾನಿ ಹುಷಾರಿಲ್ಲದೆ ಮಲಗಿದ್ದ. ಕೋಣೆಯಲ್ಲಿ ಲೋಲಕದ ಎರಡು ಗಡಿಯಾರ ತೂಗುತ್ತಿದ್ದವು. ಎರಡೂ ಒಂದಕ್ಕೊಂದು ಲೆಕ್ಕ ಹಿಡಿದ ಹಾಗೆ ಆಡುತ್ತಿದ್ದವು, ಒಂದು ಆ ಕಡೆ ಹೋದರೆ ಇನ್ನೊಂದು ಈ ಕಡೆ. ಅವನು ಬೇಕಂತಲೇ ಕೆಡಿಸಿ ನೋಡಿದ. ಅರ್ಧ ಗಂಟೆಯೊಳಗೆ ಮತ್ತೆ ಕೂಡಿಕೊಂಡವು. ಎರಡನ್ನೂ ಒಂದೇ ತೊಲೆಗೆ ತೂಗುಹಾಕಿದ್ದರಿಂದ ಒಂದರ ಅಲುಗಾಟ ಕಣ್ಣಿಗೆ ಕಾಣದ ಹಾಗೆ ಇನ್ನೊಂದಕ್ಕೆ ಮುಟ್ಟುತ್ತಿತ್ತು. ನಮ್ಮ ಪಾರ್ಕಿನಲ್ಲಿ ಆ ತೊಲೆ ಯಾವುದು ಅಂತ ನಾನು ಸುಮ್ನೆ ಯೋಚಿಸುತ್ತಿರುತ್ತೇನೆ. ಸಂಘದ ಕೌಂಟರಿನಲ್ಲಿ ನೋಟು ಎಣಿಸುವ ಯಂತ್ರ ಟರ್‍ರ್ ಅನ್ನುವಾಗ ಕೂಡ.

ಈ ದುಂಡಗೆ ಕೂತು ಬಾರಿಸುವ ರೂಢಿಯನ್ನು ಹುಡುಗ 'ಡ್ರಮ್ ಸರ್ಕಲ್' ಅನ್ನುತ್ತಾನೆ. ಅಮೆರಿಕದಲ್ಲಿ ಬೆಳೆದದ್ದು. ಬಾಬಾತುಂಡೆ ಒಲಾತುಂಜಿ ಎಂಬ ನೈಜೀರಿಯಾದ ವಾದಕ 1960ರ ಸುಮಾರಿಗೆ ಅಲ್ಲಿಯ ಜನಕ್ಕೆ ಆಫ್ರಿಕಾದ ವಾದ್ಯಗಳ ಹುಚ್ಚು ಹಿಡಿಸಿದ. ವಾಷಿಂಗ್ಟನ್ನಿನ ಮೆರಿಡಿಯನ್ ಹಿಲ್ ಪಾರ್ಕಿನಲ್ಲಿ 1965ರಿಂದ, ಕಪ್ಪು ಜನರ ಹಕ್ಕಿಗೆ ಹೋರಾಡಿದ ಮಾಲ್ಕಮ್ ಎಕ್ಸ್ ಕೊಲೆಯಾದ ವರ್ಷದಿಂದ, ಭಾನುವಾರ ಭಾನುವಾರ ಜನ ಕೂಡಿ ಬಾರಿಸುತ್ತಾ ಬಂದಿದ್ದಾರೆ. ಕೆನಡಾದ ಮಾಂಟ್ರಿಯಲ್‌ನಲ್ಲೂ ಬೇಸಿಗೆಯ ಭಾನುವಾರ ಗುಡ್ಡದ ಬುಡದಲ್ಲಿ ನೂರಾರು ಜನ ಸೇರುತ್ತಾರೆ. ಟಿಕೆಟ್ಟಿಲ್ಲ, ವೇದಿಕೆಯಿಲ್ಲ, ಕೇಳುವವರು ಬೇರೆ ಬಾರಿಸುವವರು ಬೇರೆ ಅಂತಿಲ್ಲ.

ಜೆಂಬೆ ಮಾತ್ರ ಪಶ್ಚಿಮ ಆಫ್ರಿಕಾದ್ದು. ಒಂದೇ ಮರದ ದಿಮ್ಮಿಯನ್ನು ಬಟ್ಟಲಿನಂತೆ ಕೊರೆದು ಆಡಿನ ಚರ್ಮ ಬಿಗಿದಿರುತ್ತಾರೆ. ಬರಿಗೈಯಲ್ಲೇ ಮೂರು ಸದ್ದು. ನಡುವೆ ಅಂಗೈ ಇಟ್ಟರೆ ಧಮ್. ಅಂಚಿಗೆ ಬೆರಳು ಕೂಡಿಸಿ ಹೊಡೆದರೆ ಟುಂ. ಬೆರಳು ಸಡಿಲ ಬಿಟ್ಟು ಬೀಸಿದರೆ ಟಪ್, ಕೆನ್ನೆಗೆ ಬಿಟ್ಟ ಹಾಗೆ. ಅಲ್ಲಿ ಮರ ಕೊರೆಯುವ ಕೆಲಸ ನುಮು ಎಂಬ ಕಮ್ಮಾರ ಕುಲದ್ದಂತೆ. ಬಾರಿಸಲು ಮಾತ್ರ ಕುಲದ ಕಟ್ಟಿಲ್ಲ. ಈ ಸಂಗತಿ ಓದಿದ ದಿನ ನಾನು ಸ್ವಲ್ಪ ಹೊತ್ತು ಫೋನ್ ಕೆಳಗಿಟ್ಟು ಕೂತೆ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಅದಕ್ಕೂ ಮೊದಲು ಒಂದು ಸಿಟ್ಟು ಹೊರಹಾಕಬೇಕು. ಕೆಲವು ವರ್ಷದ ಹಿಂದೆ ಒಂದು ತರಬೇತಿಗೆ ನಮ್ಮನ್ನೆಲ್ಲ ದೊಡ್ಡ ಊರಿನ ಹೋಟೆಲಿಗೆ ಕರೆದುಕೊಂಡು ಹೋಗಿದ್ದರು. ಮಧ್ಯಾಹ್ನದ ಊಟ ಆದ ಮೇಲೆ ಎಲ್ಲರ ಕೈಗೂ ಒಂದೊಂದು ವಾದ್ಯ ಕೊಟ್ಟರು. ಕಿವಿಗೆ ಮೈಕು ಸಿಕ್ಕಿಸಿಕೊಂಡವನೊಬ್ಬ ನಡುವೆ ನಿಂತು, "ಜೋರಾಗಿ! ಇನ್ನೂ ಜೋರಾಗಿ! ನಗಬೇಕು!" ಅಂತ ಕೂಗಿದ. ಅವನು ಕೈ ಎತ್ತಿದಾಗ ಬಾರಿಸುವುದು, ಇಳಿಸಿದಾಗ ನಿಲ್ಲಿಸುವುದು. ಮೇಲಧಿಕಾರಿ ಫೋಟೋ ತೆಗೆಸಿಕೊಂಡರು. ಮರುದಿನ ಅದೇ ಟಾರ್ಗೆಟ್, ಅದೇ ಬೈಗುಳ. ಪಾರ್ಕಿನಲ್ಲಿ ನಡುವೆ ನಿಲ್ಲುವವರು ಯಾರೂ ಇಲ್ಲ. ನಮ್ಮಲ್ಲಿ ನಡುವೆ ಇರುವುದು ಚಪ್ಪಲಿ ಮತ್ತು ಒಂದು ಚಹಾದ ಕೆಟಲ್ಲು.

ಕಾಕಾ ಬಂದದ್ದು ನಾಲ್ಕನೆಯ ವಾರವೋ ಐದನೆಯ ವಾರವೋ. ಬಂದದ್ದು ಅಂದರೆ ಒಳಗೆ ಅಲ್ಲ. ಪಾರ್ಕಿನ ಕಂಪೌಂಡಿನ ಮೇಲೆ ಕೂತು ಬೀಡಿ ಸೇದುತ್ತಾ ಕೇಳುತ್ತಿದ್ದರು. ಅರವತ್ತು ದಾಟಿದವರು. ಮಾರ್ಕೆಟ್ಟಿನಲ್ಲಿ ಹಮಾಲಿ ಮಾಡಿದವರು, ಜೊತೆಗೆ ಮದುವೆ, ಜಾತ್ರೆ, ಸಾವಿಗೆ ಹಲಗಿ. ಬೆರಳು ತೊಡೆಯ ಮೇಲೆ ಆಡುತ್ತಿದ್ದವು. ಹುಡುಗ ಅದನ್ನು ನೋಡಿ ಕರೆದ. ಕಾಕಾ ಬರಲಿಲ್ಲ. ಮುಂದಿನ ವಾರ ನಾನೇ ಹೋಗಿ ಕರೆದೆ. ಹಲಗಿ ತಗೊಂಡು ಬರ್ರಿ ಕಾಕಾ ಅಂದೆ.

"ನಾ ಹಲಗಿ ತಂದ್ರ ಮಂದಿ ಯಾರ ಸತ್ರು ಅಂತ ಕೇಳ್ತಾರ್ರೀ ಅವ್ವಾರ" ಅಂದರು. ನಗುತ್ತಲೇ ಅಂದರು.

ನಾನೂ ನಕ್ಕೆ. ಆಮೇಲೆ ನಗು ಅರ್ಧಕ್ಕೆ ನಿಂತಿತು. ಯಾಕೆಂದರೆ ಅದು ಖರೆ. ಹೋಳಿ ಬಂದಾಗ ಹಲಗಿ ಇಡೀ ಊರಿನದು. ಬಣ್ಣ ತೊಳೆದುಕೊಂಡ ಮರುದಿನದಿಂದ ಅದು ಅವರ ಕೇರಿಯದು. ವರ್ಷದ ಉಳಿದ ದಿನ ನಾವು ಹಲಗಿಯವರನ್ನು ಕರೆಯುವುದು ಹೆಣದ ಮುಂದೆ ನಡೆಯಲು, ಇಲ್ಲವೇ ದೇವರ ಮುಂದೆ ನಡೆಯಲು. ನಮ್ಮ ಅಜ್ಜಿಯ ಮನೆಯಲ್ಲಿ ಹಿತ್ತಲ ಗೋಡೆಯ ಮಾಡದಲ್ಲಿ ಎರಡು ಗಾಜಿನ ಲೋಟ ಬೇರೆಯೇ ಇರುತ್ತಿದ್ದವು. ಒಂದರ ಅಂಚು ಒಡೆದಿತ್ತು. ಹಲಗಿಯವರು ಬಂದರೆ ಅದರಲ್ಲಿ ಚಹಾ. ಅವರೇ ತೊಳೆದು ಬೋರಲು ಹಾಕಿ ಹೋಗಬೇಕು. ಆ ಚಹಾ ಒಯ್ದು ಕೊಡುತ್ತಿದ್ದವಳು ನಾನು. ಲೋಟ ಕೈಗೆ ಕೊಡುತ್ತಿರಲಿಲ್ಲ, ಕಟ್ಟೆ ಮೇಲೆ ಇಡುತ್ತಿದ್ದೆ. ಹಾಗೆ ಇಡಬೇಕು ಅಂತ ಯಾರೂ ಹೇಳಿಕೊಟ್ಟ ನೆನಪಿಲ್ಲ. ಗೊತ್ತಿತ್ತು, ಅಷ್ಟೇ. ಆಫ್ರಿಕಾದ ವಾದ್ಯಕ್ಕೆ ಕುಲದ ಕಟ್ಟಿಲ್ಲ ಅಂತ ಓದಿ ಫೋನ್ ಕೆಳಗಿಟ್ಟದ್ದು ಇದಕ್ಕೇ. ಸಾವಿರಾರು ರೂಪಾಯಿ ಕೊಟ್ಟು ಜೆಂಬೆ ತರಿಸಿಕೊಂಡು ತೊಡೆ ಮೇಲೆ ಇಟ್ಟುಕೊಳ್ಳುತ್ತೇವೆ. ಅದೇ ಆಡಿನ ಚರ್ಮದ ಹಲಗಿ ಪಕ್ಕದ ಕೇರಿಯಲ್ಲಿ ಗೂಟಕ್ಕೆ ತೂಗುತ್ತಿರುತ್ತದೆ.

ಕಾಕಾ ಕೊನೆಗೂ ತಂದರು. ತಂದ ದಿನ ಏನಾಯಿತು ಗೊತ್ತಾ? ನಾಲ್ಕು ಪೆಟ್ಟು ಬಿದ್ದವೋ ಇಲ್ಲವೋ, ಪಾರ್ಕಿನ ಎದುರು ಮನೆಯ ಹೆಣ್ಣುಮಗಳು ಬಾಗಿಲಿಗೆ ಬಂದು, ಸೆರಗು ತಲೆ ಮೇಲೆ ಎಳೆದುಕೊಂಡು, "ಯಾರ್ ಹೋದ್ರರೀ?" ಅಂದರು. ಕಾಕಾ ನನ್ನ ಮುಖ ನೋಡಿದರು, ನಾನು ಅವರ ಮುಖ. ಆ ಹೆಣ್ಣುಮಗಳು ಈಗ ಬಾಟಲಿ ಅಲ್ಲಾಡಿಸಲು ಬರುತ್ತಾರೆ ಅಂತ ಬರೆದರೆ ಕತೆ ಚೆಂದ ಆಗುತ್ತಿತ್ತು. ಬರುವುದಿಲ್ಲ. ಅವರಿಗೆ ನಮ್ಮ ಸದ್ದೇ ಆಗಿಬರುವುದಿಲ್ಲ. ಏಳು ಗಂಟೆಗೆ ನಿಲ್ಲಿಸಬೇಕು, ಮಕ್ಕಳ ಪರೀಕ್ಷೆ ಇದ್ದಾಗ ಬಂದ್ ಮಾಡಬೇಕು ಅಂತ ಕರಾರು ಆಗಿದೆ. ಅದು ಸರಿಯೇ. ನಮ್ಮ ಖುಷಿ ಇನ್ನೊಬ್ಬರ ತಲೆನೋವು ಯಾಕಾಗಬೇಕು?

ಹಲಗಿ ಬಾರಿಸುವುದನ್ನು ಹತ್ತಿರದಿಂದ ನಾನು ನೋಡಿದ್ದು ಆವತ್ತೇ. ಮಾಳಿಗೆ ಮೇಲಿಂದ ಕಾಣುತ್ತಿದ್ದದ್ದು ಬರೀ ತಲೆಗಳು. ಎಡ ತೋಳಿನ ಮೇಲೆ ಹಲಗಿಯ ಬಳೆಯನ್ನು ಆನಿಸಿಕೊಂಡು, ಎಡಗೈ ಬೆರಳುಗಳಲ್ಲಿ ತೆಳ್ಳನೆಯ ಉದ್ದ ಕಡ್ಡಿ ಹಿಡಿದು, ಬಲಗೈಯಲ್ಲಿ ಗಿಡ್ಡ ದಪ್ಪ ಕಡ್ಡಿ. ದಪ್ಪ ಕಡ್ಡಿ ಮಾತಾಡುತ್ತದೆ, ತೆಳುವಾದದ್ದು ಹೂಂಗುಟ್ಟುತ್ತದೆ. ಕಾಕಾನ ಎಡಗೈ ಹೆಬ್ಬೆರಳ ಬುಡದಲ್ಲಿ ಹುಣಸೆಬೀಜದಷ್ಟು ಗಟ್ಟಿ ಜಡ್ಡು ಇದೆ. ಐವತ್ತು ವರ್ಷದ ಜಡ್ಡು. ಶುರು ಮಾಡುವ ಮೊದಲು ಒಣ ಎಲೆ, ಹಳೇ ಪೇಪರು ಕೂಡಿಸಿ ಬೆಂಕಿ ಹಚ್ಚಿ ಹಲಗಿ ಕಾಸುತ್ತಾರೆ. ಉರಿಯ ಮೇಲೆ ತಿರುಗಿಸುತ್ತಾ ನಡುನಡುವೆ ಬೆರಳಿಂದ ತಟ್ಟಿ ನೋಡುತ್ತಾರೆ. ಮೊದಲು ಬೊದ್ ಬೊದ್ ಅನ್ನುತ್ತಿದ್ದದ್ದು ಕಾಯುತ್ತಾ ಹೋದ ಹಾಗೆ ಣಣ್ ಅನ್ನುತ್ತದೆ. ಜಾಸ್ತಿ ಕಾಸಿದರೆ ಚರ್ಮ ಸೀಳುತ್ತದೆ. ಎಷ್ಟು ಸಾಕು ಅಂತ ಹೇಗೆ ಗೊತ್ತಾಗುತ್ತದೆ ಕಾಕಾ ಅಂತ ಕೇಳಿದರೆ, "ಅದ ಹೇಳ್ತೈತ್ರೀ" ಅಂದರು. ಏಪ್ರಿಲ್ಲಿನ ನಮ್ಮೂರ ಬಿಸಿಲಿನಲ್ಲಿ ಮಾತ್ರ ಬೆಂಕಿ ಬೇಕಿಲ್ಲ, ಸುಮ್ನೆ ಸೈಕಲ್ಲಿಗೆ ತೂಗುಹಾಕಿದರೆ ಸಾಕು.

ಅವರು ಬಂದ ಮೇಲೆ ನಮ್ಮ ಗುಂಪಿನ ಹದವೇ ಬದಲಾಯಿತು. ಮೊದಲು ಎಲ್ಲರೂ ಒಟ್ಟಿಗೆ ಓಡಿ ಐದು ನಿಮಿಷಕ್ಕೆ ಏದುಸಿರು ಬಿಟ್ಟು ನಿಲ್ಲುತ್ತಿದ್ದೆವು. ಶುರುವಾದ ಮೇಲೆ ವೇಗ ಏರುತ್ತಲೇ ಹೋಗುವುದು ಎಲ್ಲ ಹೊಸಬರ ರೋಗ. ಕಾಕಾ ಏನೂ ಬೈಯಲಿಲ್ಲ. ತಮ್ಮ ಪಾಡಿಗೆ ತಾವು ನಿಧಾನಕ್ಕೆ ಬಾರಿಸುತ್ತಿದ್ದರು. ನಾವು ಮುಂದೆ ಓಡಿ, ನಾಚಿಕೊಂಡು, ವಾಪಸ್ಸು ಬರುತ್ತಿದ್ದೆವು. ಮೂರನೇ ವಾರ ನನ್ನ ಕ್ಯಾನಿನ ಕಡೆ ಕಡ್ಡಿ ತೋರಿಸಿ, "ಅವ್ವಾರ, ನೀವು ಬ್ಯಾರೆ ಏನೂ ಮಾಡಬ್ಯಾಡ್ರಿ. ಧಮ್ ಅಷ್ಟ ಹಿಡೀರಿ. ನಾವೆಲ್ಲ ಅದರ ಮ್ಯಾಲ ನಿಂತಿರ್ತೀವಿ" ಅಂದರು. ಕ್ಯಾನು ಬೋರಲು ಹಾಕಿ ತಳಕ್ಕೆ ಅಂಗೈ ಬಡಿದರೆ ಹೊಟ್ಟೆಯಿಂದ ಬಂದ ಹಾಗೆ ಧಮ್ ಅನ್ನುತ್ತದೆ. ಆವತ್ತಿಂದ ಅದೇ ನನ್ನ ಕೆಲಸ. ಧಮ್. ಬಿಡುವು. ಧಮ್. ಬಿಡುವು. ಒಂದೂವರೆ ತಾಸು.

ಬೇಜಾರಾಗುವುದಿಲ್ವಾ ಅಂತ ಮಗಳು ಕೇಳುತ್ತಾಳೆ. ಆಗುವುದಿಲ್ಲ. ಬಾದಾಮಿಗೆ ಹೋದಾಗಲೆಲ್ಲ ಒಂದನೇ ಗುಹೆಯ 18 ಕೈಯ ನಟರಾಜನ ಹತ್ತಿರ ನಿಲ್ಲುತ್ತೇನೆ. ಬಂದವರೆಲ್ಲ ಆ ಕೈಗಳನ್ನು ಎಣಿಸುತ್ತಾರೆ, ಗೈಡು ಯಾವ ಕೈ ಯಾವ ಮುದ್ರೆ ಅಂತ ಹೇಳುತ್ತಾನೆ. ಪಕ್ಕದಲ್ಲಿ ಗಣಪತಿಯ ಬಳಿ ಒಬ್ಬ ವಾದ್ಯ ಬಾರಿಸುತ್ತಾ ಇದ್ದಾನೆ. ಅವನ ಫೋಟೋ ಯಾರೂ ತೆಗೆಯುವುದಿಲ್ಲ. ಹೋದ ಸಲ ನಾನು ತೆಗೆದುಕೊಂಡು ಬಂದೆ.

ಮೊಣಕಾಲಿನ ವಿಷಯ ಕೇಳುವವರಿಗಾಗಿ ಒಂದು ಮಾತು. 2012ರಲ್ಲಿ ರಾಬಿನ್ ಡನ್ಬಾರ್ ಎಂಬ ವಿಜ್ಞಾನಿ ಮತ್ತು ಜೊತೆಯವರು ಒಂದು ಅಧ್ಯಯನ ಪ್ರಕಟಿಸಿದರು. ಹಾಡಿದ, ಕುಣಿದ, ಬಾರಿಸಿದ ಮೇಲೆ ಜನ ನೋವು ತಡೆದುಕೊಳ್ಳುವುದು ಹೆಚ್ಚಾಗುತ್ತದೆ, ಸುಮ್ಮನೆ ಸಂಗೀತ ಕೇಳಿದರೆ ಹಾಗಾಗುವುದಿಲ್ಲ ಅಂತ ಅವರ ಮಾತು. ಮೈಯಲ್ಲಿ ನೋವು ತಗ್ಗಿಸುವ ಎಂಡಾರ್ಫಿನ್ ಎಂಬ ರಾಸಾಯನಿಕ ಬಿಡುಗಡೆಯಾಗುತ್ತದೆ ಅನ್ನುವುದು ಅವರು ಕೊಡುವ ಕಾರಣ. ನನ್ನ ಮೊಣಕಾಲು ಭಾನುವಾರ ರಾತ್ರಿ ಸುಮ್ಮನಿರುತ್ತದೆ, ಸೋಮವಾರ ಬೆಳಿಗ್ಗೆ ಮೆಟ್ಟಿಲು ಹತ್ತುವಾಗ ಮತ್ತೆ ಮಾತಾಡುತ್ತದೆ. ಗುಳಿಗೆ ಬಿಟ್ಟಿಲ್ಲ. ನೀವೂ ಬಿಡಬೇಡಿ.

ಜನ ಯಾಕೆ ಬರುತ್ತಾರೆ ಅಂತ ನೋಡಿದರೆ ಒಬ್ಬೊಬ್ಬರದು ಒಂದೊಂದು. ಹುಡುಗರಿಗೆ ಗದ್ದಲ ಬೇಕು. ದಮ್ಮಡಿಯವರಿಗೆ ಮೊಬೈಲ್ ಹಿಡಿದು ಕೂತ ಮಗನ ಮನೆಯಿಂದ ಎರಡು ತಾಸು ತಪ್ಪಿಸಿಕೊಳ್ಳಬೇಕು. ಆದರೆ ನನ್ನ ವಯಸ್ಸಿನವರಲ್ಲಿ ಇನ್ನೊಂದು ಇದೆ. ಆಲಮಟ್ಟಿ ಅಣೆಕಟ್ಟಿನಲ್ಲಿ ನೀರು ನಿಂತಾಗ ಘಟಪ್ರಭೆಯ ನೀರು ಹಿಂದಕ್ಕೆ ಒತ್ತಿ ಬಂದು ನಮ್ಮ ಹಳೇ ಊರಿನ ಒಂದಷ್ಟು ಭಾಗವನ್ನು ನುಂಗಿತು. ಓಣಿಯಲ್ಲಿ ಗೋಡೆಗೆ ಗೋಡೆ ಹಚ್ಚಿ ಇದ್ದವರು ನವನಗರಕ್ಕೆ ಬಂದು ಸೆಕ್ಟರ್ ನಂಬರುಗಳಲ್ಲಿ ಚೆಲ್ಲಿಹೋದೆವು. ರಸ್ತೆ ಅಗಲ ಆದವು, ಮನೆ ದೊಡ್ಡವಾದವು. ಅವ್ವ ಸಾಯುವ ತನಕ ಒಂದೇ ಮಾತು ಅನ್ನುತ್ತಿದ್ದಳು: "ಇಲ್ಲಿ ಯಾರ ಮನ್ಯಾಗ ರೊಟ್ಟಿ ಬಡೀಲಿಕತ್ಯಾರ ಅಂತ ಗೊತ್ತಾಗೂದುಲ್ಲ." ರೊಟ್ಟಿ ಬಡಿಯುವ ಸದ್ದಿನಿಂದ ಹೊತ್ತು ಗೊತ್ತು ಮಾಡಿಕೊಳ್ಳುತ್ತಿದ್ದವಳು ಅವಳು. ಯಾರ ಕೈ ಯಾವುದು ಅಂತ ಗೋಡೆಯ ಈ ಕಡೆಯಿಂದ ಹೇಳುತ್ತಿದ್ದಳು. ಒಂದು ಭಾನುವಾರ ಬಕೆಟ್ಟು ಬಡಿಯುತ್ತಿದ್ದ ಹೆಂಗಸೊಬ್ಬಳ ಕೈಯನ್ನೇ ನೋಡುತ್ತಿದ್ದೆ. ರೊಟ್ಟಿ ಬಡಿಯುವ ಕೈ ಅದು. ನಿಂತ ಮೇಲೆ ಕೇಳಿದೆ. ನಮ್ಮ ಓಣಿಯವಳೇ, ಮೂರು ಮನೆ ಆಚೆ. ಎರಡು ಸೆಕ್ಟರ್ ದೂರದಲ್ಲಿ ಇಷ್ಟು ವರ್ಷ ಇದ್ದಾಳೆ, ನನಗೆ ಗೊತ್ತೇ ಇರಲಿಲ್ಲ.

ಕಾಕಾನ ಬಗ್ಗೆ ಸುಳ್ಳು ಚಿತ್ರ ಕೊಡಬಾರದು. ಅವರಿಗೆ ಪಾರ್ಕಿನಿಂದ ಹೊಟ್ಟೆ ತುಂಬುವುದಿಲ್ಲ. ಡಿಜೆ ಬಂದ ಮೇಲೆ ಮದುವೆಗೆ ಯಾರೂ ಕರೆಯುವುದಿಲ್ಲ ಅನ್ನುತ್ತಾರೆ. ಹುಡುಗ ಒಮ್ಮೆ ತಿಂಗಳಿಗೆ ಇಷ್ಟು ಅಂತ ಎಲ್ಲರೂ ಕೂಡಿ ಕೊಡೋಣ ಅಂದ. ಕಾಕಾ ಬೇಡ ಅನ್ನಲಿಲ್ಲ, ಹೂಂ ಅಂತಲೂ ಅನ್ನಲಿಲ್ಲ. "ಅದರ ಬದಲಿ ಯಾರರೆ ಮದವಿ ಇದ್ರ ಹೇಳ್ರಿ" ಅಂದರು. ನಾನು ತಲೆ ತಗ್ಗಿಸಿದೆ. ಹೋದ ವರ್ಷ ನಮ್ಮ ಮನೆಯ ಮದುವೆಯಲ್ಲೇ ಡಿಜೆ ಇತ್ತು. ಪಾರ್ಕಿನಲ್ಲಿ ಚಹಾ ಪೇಪರ್ ಕಪ್ಪಿನಲ್ಲಿ ಬರುತ್ತದೆ, ಎಲ್ಲರಿಗೂ ಅದೇ ಕಪ್ಪು, ಕೈಯಿಂದ ಕೈಗೆ. ಏಳು ಗಂಟೆಗೆ ಎಲ್ಲರೂ ಎದ್ದು ಅವರವರ ಕಡೆ ಹೋಗುತ್ತೇವೆ. ಅವರ ಮನೆಗೆ ನಾನು ಹೋಗಿಲ್ಲ. ನಮ್ಮ ಮನೆಗೆ ಕರೆದಿದ್ದೇನೆ, ಬರ್ತೀನಿ ಅಂದಿದ್ದಾರೆ, ಬಂದಿಲ್ಲ. ನನಗಿಂತ ಹದಿನೈದು ವರ್ಷ ದೊಡ್ಡವರು, ಇನ್ನೂ ನನಗೆ ಅವ್ವಾರ ಅನ್ನುತ್ತಾರೆ. ತಂಗಿ ಅನ್ನರಿ ಅಂದರೆ ನಗುತ್ತಾರೆ.

ಹೋದ ಭಾನುವಾರ ಮಧ್ಯಾಹ್ನ ಮಳೆ ಬಂದಿತ್ತು. ಐದೂವರೆಗೆ ಬಿಟ್ಟಿತು, ಆದರೆ ನೆಲವೆಲ್ಲ ಹಸಿ. ಒಂಬತ್ತೇ ಜನ ಬಂದಿದ್ದೆವು. ಬೇವಿನೆಲೆ ತೊಯ್ದು ಬೆಂಕಿ ಹತ್ತುತ್ತಿರಲಿಲ್ಲ, ಹಲಗಿಯ ಚರ್ಮ ಜೋತುಬಿದ್ದಿತ್ತು. ಯಾರೋ ಮನೆಗೆ ಓಡಿ ಹೋಗಿ ಹಳೇ ಪೇಪರಿನ ಕಟ್ಟು ತಂದರು. ಕಾಕಾ ಕುಕ್ಕರುಗಾಲಲ್ಲಿ ಕೂತು ಒಂದೊಂದೇ ಹಾಳೆ ಉರಿಗೆ ಹಾಕುತ್ತಾ ನನ್ನ ಕಡೆ ತಿರುಗಿ, "ಹಲಗಿ ಕಾಯೂ ತನಕ ನೀವು ಧಮ್ ಹಚ್ಚಿರ್ರಿ" ಅಂದರು.

ಒಬ್ಬಳೇನಾ ಅಂದೆ.

"ಮತ್ತ?"

ಹಚ್ಚಿದೆ. ಉಳಿದವರು ಯಾರೂ ಕೈ ಎತ್ತಲಿಲ್ಲ. ಒದ್ದೆ ಪಾರ್ಕಿನಲ್ಲಿ ಧಮ್ ಮಾತ್ರ, ಬಿಡುವಿನಲ್ಲಿ ಎಲೆಯಿಂದ ನೀರು ತೊಟ್ಟಿಕ್ಕುವುದು. ಕಾಕಾ ಹಲಗಿಯನ್ನು ಉರಿಯಿಂದ ಎತ್ತಿ, ಕಿವಿಯ ಹತ್ತಿರ ಹಿಡಿದು, ಬೆರಳಿಂದ ತಟ್ಟಿದರು. ಬೊದ್ ಅಂದಿತು. ಇನ್ನೂ ಆಗಿಲ್ಲ ಅಂತ ತಲೆ ಅಲ್ಲಾಡಿಸಿ ಇನ್ನೊಂದು ಹಾಳೆ ಹಾಕಿದರು. ನಾನು ಬಾರಿಸುತ್ತಲೇ ಇದ್ದೆ.